ಬುಡನ್ ಸಾಬ್ ಹೇಳುತ್ತಿದ್ದ ಕರಡಿ ಪಿಚ್ಚರ್

ದಾವಣಗೆರೆ ನಿಟ್ಟುವಳ್ಳಿಯ ಬುಡನ್ ಸಾಬ್ ಮೂವತ್ತೈದು ವರ್ಷ ಮಂಡಕ್ಕಿ ಭಟ್ಟಿಯ ಬೆಂಕಿ ಮುಂದೆ ನಿಂತವನು. ಹೊಗೆಗೆ ಕಣ್ಣು ಮಂಜಾದ ಮೇಲೆ ಕೆಲಸ ಬಿಟ್ಟ, ಮಾತು ಮಾತ್ರ ಬಿಡಲಿಲ್ಲ. ಮದುವೆಮನೆಗೆ ಹೋದರೆ ಪಕ್ಕದವರ ಊಟ ತಣ್ಣಗಾಗುತ್ತಿತ್ತು, ಇವನ ಕಥೆ ಮುಗಿಯುತ್ತಿರಲಿಲ್ಲ. ಅದಿರಲಿ, ಹೇಳಬೇಕಾದ್ದು ಕರಡಿ ಪಿಚ್ಚರಿನ ವಿಷಯ.

ಮೊಮ್ಮಗಳು ಆಮ್ನಾಗೆ ಆಗ ನಾಲ್ಕು ವರ್ಷ. ಹರಿಹರದ ಬಸ್‌ಸ್ಟ್ಯಾಂಡ್ ಹತ್ತಿರ ಹಳೇ ಸಿ.ಡಿ.ಗಳನ್ನು ಗುಡ್ಡೆ ಹಾಕಿ ಮಾರುವವನ ಹತ್ತಿರ ಬುಡನ್ ಸಾಬ್ ಒಂದು ಕಾರ್ಟೂನ್ ಪಿಚ್ಚರ್ ಕೊಂಡು ತಂದ. ಮನೆಯಲ್ಲಿದ್ದ ಪ್ಲೇಯರು ಮಗ ಜುಬೇರನ ಮದುವೆಯ ಸಿ.ಡಿ. ನೋಡಲೆಂದು ತಂದದ್ದು. ಆ ಮದುವೆಯಲ್ಲಿ ಕ್ಯಾಮೆರಾದವನು ಮದುಮಗಳಿಗಿಂತ ಬಿರಿಯಾನಿ ಹಂಡೆಯನ್ನೇ ಹೆಚ್ಚು ಹಿಡಿದಿದ್ದ, ಪಾಪ, ಹಸಿದಿದ್ದನೋ ಏನೋ.

ಈ ಕಾರ್ಟೂನ್ ಸಿ.ಡಿ. ಯಾವ ದೇಶದ ಭಾಷೆಯದೋ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಸಾಲದ್ದಕ್ಕೆ ಗೀರು ಬಿದ್ದು ಮೊದಲ ಹತ್ತು ನಿಮಿಷ ಓಡುತ್ತಲೇ ಇರಲಿಲ್ಲ. ಕರಡಿಯೊಂದು ಮೇಕೆಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಓಡುವಲ್ಲಿಂದಲೇ ಪಿಚ್ಚರ್ ಶುರು. ಬುಡನ್ ಸಾಬ್ ಮೊಮ್ಮಗಳಿಗೆ ಕಥೆ ಹೇಳತೊಡಗಿದ. ಕರಡಿ ಕಳ್ಳ, ಮರಿಯನ್ನು ಕದ್ದಿದ್ದಾನೆ ಎಂದ.

ಹಾಗಾದರೆ ಮರಿಗೆ ಜೇನು ತಿನ್ನಿಸಿ, ಹೊಳೆಯಲ್ಲಿ ಮೈ ತೊಳೆದು, ತಬ್ಬಿಕೊಂಡು ಮಲಗುವುದೇಕೆ ಎಂದಳು ಹುಡುಗಿ. ಅದಕ್ಕೂ ಅವನಲ್ಲಿ ಉತ್ತರವಿತ್ತು. ನಮ್ಮ ಓಣಿಯವರು ಬಕ್ರೀದಿಗೆ ಬಿಟ್ಟ ಹೋತವನ್ನು ಹೀಗೇ ಮುದ್ದು ಮಾಡಿ ಸಾಕುವುದಿಲ್ಲವೇ, ಕರಡಿಯೂ ಹಬ್ಬ ಕಾಯುತ್ತಿದ್ದಾನೆ ಎಂದ. ಕೊನೆಗೆ ಹೊಳೆ ಉಕ್ಕಿ, ಮರಿ ದಡ ಸೇರಿ ಕರಡಿ ಕೊಚ್ಚಿಹೋದಾಗ ಅಜ್ಜ ಮೊಮ್ಮಗಳು ಇಬ್ಬರೂ ಚಪ್ಪಾಳೆ ತಟ್ಟುತ್ತಿದ್ದರು. ಮೂರು ವರ್ಷ, ಪ್ರತಿ ಶುಕ್ರವಾರ.

ಮೊನ್ನೆ ಅದೇ ಪಿಚ್ಚರ್ ಕನ್ನಡ ಮಾತಿನಲ್ಲಿ ಊರಿನ ಟಾಕೀಸಿಗೆ ಬಂತು. ಜುಬೇರ ತನ್ನ ಆಟೋದಲ್ಲಿ ಎಲ್ಲರನ್ನೂ ಕರೆದೊಯ್ದ. ಬುಡನ್ ಸಾಬ್ ತನ್ನದೇ ಪಿಚ್ಚರ್ ಅನ್ನುವ ಹಾಗೆ ಇಸ್ತ್ರಿ ಅಂಗಿ ತೊಟ್ಟಿದ್ದ.

ಪರದೆಯ ಮೇಲೆ ಅವರು ನೋಡಿಯೇ ಇರದ ಮೊದಲ ಭಾಗ ಬಂತು. ಕಾಡಿಗೆ ಬೆಂಕಿ ಬಿದ್ದಿದೆ, ಕರಡಿಯ ಸ್ವಂತ ಮರಿ ಸತ್ತಿದೆ, ಉರಿಯೊಳಗೆ ಸಿಕ್ಕಿದ್ದ ಮೇಕೆಮರಿಯನ್ನು ಕರಡಿ ಕಚ್ಚಿ ಎಳೆದು ತರುತ್ತಿದೆ. ಬುಡನ್ ಸಾಬ್ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ. ಬೇರೆ ಪಿಚ್ಚರಿಗೆ ಬಂದೆವೇ?

"ದಾದಾ, ಕರಡಿ ಕಳ್ಳ ಅಲ್ವಾ?" ಎಂದು ಆಮ್ನಾ ಕಿವಿಯಲ್ಲಿ ಕೇಳಿದಳು.

"ತಡಿ ಬೇಟಾ, ಮುಂದೆ ಕದೀತಾನೆ ನೋಡು."

ಕದಿಯಲಿಲ್ಲ. ಮರಿ ಅದನ್ನು 'ಅಮ್ಮಾ' ಎಂದು ಕರೆಯಿತು, ಅದೂ ಅಚ್ಚ ಕನ್ನಡದಲ್ಲಿ. ಅದೇ ಕರಡಿ, ಅದೇ ಹೊಳೆ, ಅದೇ ಜೇನು. ಮಾತು ಮಾತ್ರ ಯಾರ ಮನೆಯದೋ. ಇಂಟರ್ವಲ್ಲಿನಲ್ಲಿ ಅವನು ಹೊಟ್ಟೆನೋವೆಂದು ಎದ್ದ. ಹೆಂಡತಿ ಖೈರುನ್ನೀಸಾ ಅಂಗಿ ಹಿಡಿದು ಜಗ್ಗಿದಳು.

"ಕೂಡ್ರಿ ಸುಮ್ನೆ. ಮೂರು ವರ್ಷ ನೀವು ಹೇಳಿದ್ರಿ, ಒಂದು ತಾಸು ಕೇಳ್ರಿ."

ಹೊಳೆ ಉಕ್ಕಿತು. ಕರಡಿ ಮರದ ದಿಮ್ಮಿಯನ್ನು ಬೆನ್ನ ಮೇಲೆ ಹೊತ್ತು ಹಿಡಿದು, ಅದರ ಮೇಲೆ ಮರಿಯನ್ನು ದಡಕ್ಕೆ ದಾಟಿಸಿ, ತಾನು ಮುಳುಗಿತು. ಬುಡನ್ ಸಾಬನ ಕೈಗಳು ರೂಢಿಯಂತೆ ಮೇಲೆದ್ದು ಹಾಗೇ ನಿಂತವು. ಆಮ್ನಾ ಅಳುತ್ತಿದ್ದಳು.

ವಾಪಸು ಬರುವಾಗ ಆಟೋದಲ್ಲಿ ಅವಳು ಅಜ್ಜನ ಪಕ್ಕದಲ್ಲೇ ಕೂತಿದ್ದಳು. ಮನೆ ಹತ್ತಿರ ಬಂದಾಗ, "ನಾವು ಯಾಕ ಚಪ್ಪಾಳೆ ಹೊಡೀತಿದ್ವಿ ದಾದಾ?" ಎಂದಳು.

ಕನ್ನಡದ ಮಾತು ಹಾಕಿದವರೇ ತಪ್ಪು ಮಾಡಿದ್ದಾರೆ ಎನ್ನುವುದು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡ.

"ನಂಗ ಆ ಭಾಷೆ ಬರ್ತಿದ್ದಿಲ್ಲ ಬೇಟಾ. ಕಣ್ಣಿಗೆ ಕಂಡಿದ್ದಕ್ಕೆ ನಾನೇ ಮಾತು ಸೇರಿಸ್ದೆ."

"ಹಂಗಾದ್ರೆ ಉಕ್ಕಡಗಾತ್ರಿ ಹೊಳಿಯಾಗ ಮೊಸಳಿ ನಿನ್ನ ಚಪ್ಪಲಿ ತಿಂತು ಅಂತ ಹೇಳ್ತಿದ್ದಿ, ಅದು?"

"ಅದು ಖರೇ" ಎಂದ. ಅಂದಮೇಲೆ ಅವನಿಗೇ ಅನುಮಾನ ಬಂತು. ನೀರಲ್ಲಿ ಏನೋ ಕಪ್ಪಗೆ ತೇಲಿದ್ದು ನಿಜ, ಚಪ್ಪಲಿ ಹೋದದ್ದೂ ನಿಜ. ಮೊಸಳೆಯನ್ನು ನೋಡಿದ್ದೆನೇ? ಎಷ್ಟು ನೆನೆದರೂ ಬಗೆಹರಿಯಲಿಲ್ಲ. ಈ ಹುಡುಗಿ ಇನ್ನು ತನ್ನ ಒಂದು ಮಾತನ್ನಾದರೂ ನಂಬುತ್ತಾಳೋ ಇಲ್ಲವೋ ಎಂದು ವಾರವಿಡೀ ಅವನಿಗೆ ಊಟ ಸೇರಲಿಲ್ಲ.

ಶುಕ್ರವಾರ ನಮಾಜ್ ಮುಗಿಸಿ ಬಂದರೆ ಆಮ್ನಾ ಸಿ.ಡಿ. ಹಾಕಿಕೊಂಡು ಕೂತಿದ್ದಳು. ಕರಡಿ ಮರಿ ಕಚ್ಚಿಕೊಂಡು ಓಡಿತು. ಕಳ್ಳ ಎನ್ನಬೇಕೋ ಅಮ್ಮ ಎನ್ನಬೇಕೋ ತಿಳಿಯದೆ ಬುಡನ್ ಸಾಬ್ ಬಾಯಿ ತೆರೆದು ಮುಚ್ಚಿದ.

"ಹೇಳು ದಾದಾ."

"ಯಾವ ಕತಿ ಹೇಳ್ಲಿ?"

ಆಮ್ನಾ ಯೋಚಿಸಿದಳು. "ನಂಗೂ ಗೊತ್ತಾಗ್ವಲ್ದು. ಸುಮ್ನೆ ನೋಡೋಣ" ಎಂದು ಅವನ ತೊಡೆ ಹತ್ತಿ ಕೂತಳು. ಹೊಳೆ ಉಕ್ಕುವ ಹೊತ್ತಿಗೆ ಅವನ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಳು. ಚಪ್ಪಾಳೆ ತಟ್ಟಬಾರದೆಂದೋ, ಭಯಕ್ಕೋ, ಅವನಿಗೆ ತಿಳಿಯಲಿಲ್ಲ. ಕೇಳಲೂ ಇಲ್ಲ.