ಅವ್ವನ ವಿಭೂತಿ ಮತ್ತು ಸತುವಿನ ಎರಡನೇ ಕೈ

ಮಂಡಿನೋವಿಗೆಂದು ಮೊನ್ನೆ ದಾವಣಗೆರೆಯಲ್ಲಿ ಎಂಆರ್‌ಐ ಮಾಡಿಸಿಕೊಂಡೆ. "ಅಲ್ಲಾಡಬ್ಯಾಡ್ರಿ ಅಜ್ಜಾರೆ" ಎಂದು ಅಲ್ಲಿನ ಹುಡುಗಿ ನನ್ನನ್ನು ಒಳಗೆ ತಳ್ಳಿದಳು. ಯಂತ್ರ ಕಟಕಟ ಎನ್ನತೊಡಗಿದ್ದೇ ನನಗೆ ನಗು. ನಕ್ಕರೆ ಚಿತ್ರ ಕೆಡುತ್ತದೆ, ತಡೆದುಕೊಂಡೆ. ಇದೇ ಜಾತಿಯ ಯಂತ್ರದ ಹಿಂದೆ ಎಂಬತ್ತರ ದಶಕದಲ್ಲಿ ನಾನು ಅಲೆದವನು. ಆಗ ಒಳಗೆ ಹೋಗುತ್ತಿದ್ದುದು ನಾನಲ್ಲ, ಚಿಟಿಕೆ ಬಿಳಿ ಪುಡಿ.

ಅದರ ಹೆಸರು ಘನಸ್ಥಿತಿಯ ಎನ್‌ಎಂಆರ್. ಹೆದರಬೇಡಿ, ಕೊನೆಗೆ ಪ್ರಶ್ನೆ ಕೇಳುವುದಿಲ್ಲ. ಪುಡಿಯನ್ನು ಪುಟ್ಟ ಕೊಳವೆಗೆ ತುಂಬಿ, ದೊಡ್ಡ ಅಯಸ್ಕಾಂತದೊಳಗೆ ಓರೆಯಾಗಿ ನಿಲ್ಲಿಸಿ, ಬುಗುರಿಯಂತೆ ಗಿರ್ರನೆ ತಿರುಗಿಸುತ್ತಾರೆ. ಒಳಗಿನ ಒಂದೊಂದು ಬಗೆಯ ಇಂಗಾಲವೂ ಕಾಗದದ ಮೇಲೆ ತನ್ನದೊಂದು ಗೆರೆ ಎಬ್ಬಿಸುತ್ತದೆ. ಕರಗಿಸಿದರೆ ಅಣುಗಳು ಕುಣಿದಾಡಿ ಗುಟ್ಟು ಬಿಡುವುದಿಲ್ಲ; ಪುಡಿಯಾಗಿ ಕೂತಾಗಲೇ ಯಾರು ಯಾರನ್ನು ಹೇಗೆ ಹಿಡಿದಿದ್ದಾರೆಂದು ತಿಳಿಯುವುದು. ನಮ್ಮದರಲ್ಲಿ ನಡುವೆ ಸತು, ಅದನ್ನು ಹಿಡಿದ ಎರಡು ಆಮ್ಲದ ಕೈಗಳು. ಹೇಗೆ ಹಿಡಿದಿವೆ ಎಂಬುದೇ ನನ್ನ ಪಿಎಚ್‌ಡಿ.

ಗೈಡ್ ರುದ್ರಪ್ಪನವರು ಹರಿಹರದಿಂದ ದಿನಾ ರೈಲಿನಲ್ಲಿ ದಾವಣಗೆರೆಯ ಕಾಲೇಜಿಗೆ ಬರುತ್ತಿದ್ದರು. ದೇವರನ್ನು ನಂಬುತ್ತಿರಲಿಲ್ಲ, ತಮ್ಮ ಅವ್ವನಿಗೆ ಹೆದರುತ್ತಿದ್ದರು. ಹೊಸದೇನಿದ್ದರೂ ಮೊದಲು ದೇವರ ಜಗಲಿಯ ಮೇಲಿಡಬೇಕೆಂಬುದು ಅವ್ವನ ಕಾನೂನು. ಯಂತ್ರವಿದ್ದ ಬೆಂಗಳೂರಿಗೆ ಹೊರಟಿದ್ದ ನಮ್ಮ ಪುಡಿಯ ಡಬ್ಬಿಯೂ ಅಲ್ಲಿ ಕೂತೇ ಹೋಯಿತು.

ಬೆಂಗಳೂರಿನಿಂದ ಬಂದ ಕಾಗದದಲ್ಲಿ ಒಂದೇ ಬಗೆಯ ಆ ಎರಡು ಕೈಗಳಿಗೆ ಒಂದೇ ಗೆರೆ ಇರಬೇಕಿತ್ತು. ಎರಡಿದ್ದವು!

"ಒಂದು ಕೈ ಬಿಗಿ ಹಿಡದೈತೆ, ಇನ್ನೊಂದು ಸಡ್ಲ! ಹೊಸಾ ರಚನೆ ಸಿಕ್ತಲೇ ತಮ್ಮಾ! ನಿನ್ ಪಿಎಚ್‌ಡಿ ಆತು ಅಂತ ತಿಳಕ" ಎಂದರು ರುದ್ರಪ್ಪನವರು. ಬೆಂಗಳೂರಿನ ಸಮ್ಮೇಳನದಲ್ಲಿ ಅವರ ಭಾಷಣವೂ ನಿಗದಿಯಾಯಿತು. ನಾನಂತೂ ಕನ್ನಡಿಯ ಮುಂದೆ ನಿಂತು ನನ್ನನ್ನು ನಾನೇ ಡಾಕ್ಟರ್ ಎಂದು ಕರೆದುಕೊಳ್ಳುತ್ತಿದ್ದೆ.

ಸಮ್ಮೇಳನದ ಹಿಂದಿನ ದಿನ ಹರಿಹರದ ಅವರ ಮನೆಗೆ ಹೋದೆ. ಅವ್ವ ನಮ್ಮಿಬ್ಬರಿಗೂ ಒಗ್ಗರಣೆ ಮಂಡಕ್ಕಿ ಕೊಡುತ್ತಾ ಮಗನನ್ನು ಕೇಳಿದರು: "ಅಲ್ಲಪ್ಪಾ, ಆವತ್ತು ಜಗಲಿ ಮ್ಯಾಲೆ ಇಟ್ಟಿದ್ಯಲ್ಲ, ಅದೆಂಥಾ ಈಬತ್ತಿ? ಹಣಿಗೆ ನಿಲ್ಲಲೇ ಇಲ್ಲ. ನಿನಗ ಯಾರೋ ಮೋಸ ಮಾಡ್ಯಾರ ಅಂತ ನಮ್ಮ ಈಬತ್ತಿ ಉಂಡಿ ಪುಡಿ ಮಾಡಿ ಅದಕ್ಕ ಬೆರಸಿ ಇಟ್ಟೆ."

ರುದ್ರಪ್ಪನವರ ಕೈ ತಟ್ಟೆಯಲ್ಲೇ ನಿಂತಿತು. ವಿಭೂತಿಯಲ್ಲಿ ಸುಣ್ಣದ ಅಂಶವುಂಟು, ಅದರಲ್ಲೂ ಇಂಗಾಲವುಂಟು, ಅದರ ಗೆರೆ ಏಳುವುದು ಆಮ್ಲದ ಗೆರೆಯ ಪಕ್ಕದಲ್ಲೇ. ನಮ್ಮ ಹೊಸ ರಚನೆಯ ಎರಡನೇ ಕೈ ಅವ್ವನದಾಗಿತ್ತು.

"ಯಾರಿಗೂ ಗೊತ್ತಾಗಂಗಿಲ್ಲ ಬಿಡ್ರಿ ಸಾರ್" ಎಂದು ಪಿಸುಗುಟ್ಟಿದೆ.

"ನಮಗ ಗೊತ್ತಾತಲ್ಲೋ" ಎಂದರು.

ಮರುದಿನ ವೇದಿಕೆ ಹತ್ತಿ ಇದ್ದದ್ದನ್ನು ಇದ್ದ ಹಾಗೆ, ಜಗಲಿ ಸಮೇತ ಹೇಳಿದರು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗು ಮುಗಿಯುವವರೆಗೆ ಕಾದು, "ಪುಡಿ ಹೊಸದಾಗಿ ಮಾಡಿ, ಮತ್ತೆ ಅಳೆದು ಬರುತ್ತೇವೆ" ಎಂದು ಕೆಳಗಿಳಿದರು. ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಬರುವಾಗ ರೈಲಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದೆ.

"ನಗ್ಲಿ ಬಿಡಲೇ. ಆ ಗೆರೆ ನಂಬಿ ಇನ್ಯಾವನೋ ನಿನ್ನಂಥೋನು ವರ್ಷಗಟ್ಲೆ ತಲಿ ಚಚ್ಕೊಂಡಿದ್ರೆ, ಅವನಿಗೆ ಯಾರು ಹೇಳೋರು?" ಎಂದರು.

ಹೊಸ ಪುಡಿಗೆ ಒಂದೇ ಗೆರೆ ಬಂತು. ಹಳೆಯ, ಸಾದಾ ರಚನೆ. ಪಿಎಚ್‌ಡಿ ತಡವಾಗಿ ಬಂತು, ಯಾರೂ ಬೆರಗಾಗಲಿಲ್ಲ.

ಮೊನ್ನೆ ಎಳೆಯ ಡಾಕ್ಟರೊಬ್ಬರು ನನ್ನ ಮಂಡಿಯ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇದೇನಂತ ನನಗೆ ಗೊತ್ತಾಗ್ತಿಲ್ರಿ ಅಜ್ಜಾರೆ. ದೊಡ್ಡ ಡಾಕ್ಟರಿಗೆ ತೋರಿಸಿ ಹೇಳ್ತೀನಿ." ಜೊತೆಗೆ ಬಂದಿದ್ದ ಮಗಳು ಬೇರೆ ಆಸ್ಪತ್ರೆಗೆ ಹೋಗೋಣ ಎಂದು ಕಣ್ಸನ್ನೆ ಮಾಡಿದಳು. ನಾನು ಏಳಲಿಲ್ಲ. ಗೊತ್ತಿಲ್ಲ ಎನ್ನಬಲ್ಲ ಈ ಹುಡುಗನ ಕೈಗೆ ಎರಡೂ ಮಂಡಿ ಕೊಡಬಹುದು ಎನ್ನಿಸಿತು.