ಮುಂದಿನ ಹಲಗೆಯ ತೂಕ

ಮಾರಿಕಣಿವೆಯ ಹಿನ್ನೀರಿನಲ್ಲಿ ಮೀನು ಹಿಡಿಯುವ ನಮ್ಮ ಓಣಿಯಲ್ಲಿ ಯಾರೂ ಒಬ್ಬರೇ ನೀರಿಗೆ ಇಳಿಯುವುದಿಲ್ಲ. ಗಂಡ ಹೆಂಡತಿ ಜೋಡಿಯಾಗಿ ಹೋಗುತ್ತಾರೆ. ದೋಣಿಯ ಹಿಂದಿನ ಹಲಗೆಯ ಮೇಲೆ ಕೂತು ಹೆಂಡತಿ ಹುಟ್ಟು ಹಾಕುತ್ತಾಳೆ. ಮುಂದಿನ ಹಲಗೆಯ ಮೇಲೆ ಕೂತು ಗಂಡ ಸಂಜೆ ಬಲೆ ಬಿಡುತ್ತಾನೆ, ಬೆಳಿಗ್ಗೆ ಬಂದು ಎತ್ತುತ್ತಾನೆ. ನಾನು ಮದುವೆಯಾಗಿ ಬಂದಾಗ ಅತ್ತೆ ನನ್ನ ಕೈಗೆ ಹುಟ್ಟು ಕೊಟ್ಟರು. "ಸಿರಿಗೆರೆ ಹಾಸ್ಟೆಲಿನಾಗೆ ಓದಿದ ಹುಡುಗಿ, ಇವಳೇನು ಹುಟ್ಟು ಹಾಕ್ತಾಳೆ ಬಿಡು" ಎಂದು ಓಣಿಯವರು ನಕ್ಕರು. ನನಗೆ ಈಜು ಬರುತ್ತಿರಲಿಲ್ಲ, ನೀರು ಕಂಡರೆ ಎದೆ ಡವಡವ ಎನ್ನುತ್ತಿತ್ತು. ಆದರೆ ನಕ್ಕವರ ಮುಂದೆ ಸೋಲುವ ಜಾತಿ ನನ್ನದಲ್ಲ. ಮುಂದಿನ ಮಳೆಗಾಲದ ಹೊತ್ತಿಗೆ ಗಾಳಿಗೆ ಎದುರಾಗಿ ದೋಣಿ ನಿಲ್ಲಿಸುವುದನ್ನು ಕಲಿತಿದ್ದೆ.

ಹಾಗಾಗಿ ನಮ್ಮ ಸಂಸಾರದ ಮಾತನ್ನೆಲ್ಲ ನಾನು ಆಡಿದ್ದು ಮುಂದೆ ಕೂತ ನಮ್ಮನೆಯವರ ಬೆನ್ನಿನ ಜೊತೆ. ಮಗಳ ಮದುವೆ, ಸೋರುವ ಸೂರು, ಅತ್ತೆಯ ಮಂಡಿನೋವು, ಎಲ್ಲ. ಅವರು ತಿರುಗಿ ನೋಡದೆ "ಹೂಂ, ಆಗ್ಲಿ" ಎನ್ನುತ್ತಿದ್ದರು. ಕೆಲವು ಸಲ ಕೇಳಿಸಿಕೊಂಡೂ ಇರುತ್ತಿರಲಿಲ್ಲ. "ನಿಮ್ಮ ಬೆನ್ನಿಗೇ ಕಿವಿ ಇದ್ದಿದ್ರೆ ಚೆನ್ನಾಗಿತ್ತು" ಎಂದು ಬೈಯುತ್ತಿದ್ದೆ.

ಹೋದ ವರ್ಷ ಬೇಸಿಗೆಯಲ್ಲಿ ಎದೆನೋವು ಎಂದು ದುರ್ಗದ ಆಸ್ಪತ್ರೆಗೆ ಹೋದವರು ವಾಪಸ್ ಬರಲಿಲ್ಲ.

ಹೊಳಲ್ಕೆರೆಯಲ್ಲಿರುವ ಮಗಳು ತನ್ನ ಮನೆಗೆ ಕರೆದುಕೊಂಡು ಹೋದಳು. ಅಳಿಯ ಒಳ್ಳೆಯವನು. ಹೊತ್ತುಹೊತ್ತಿಗೆ ಊಟ, ಟೀವಿ. ಬೆಳಕು ಹರಿಯುವ ಮೊದಲೇ ಎಚ್ಚರವಾಗಿ ಏನು ಮಾಡಬೇಕೆಂದು ತಿಳಿಯದೆ ಹಾಸಿಗೆಯಲ್ಲೇ ಕೂತಿರುತ್ತಿದ್ದೆ. ಹುಟ್ಟು ಹಿಡಿದು ಗಟ್ಟಿಯಾಗಿದ್ದ ಅಂಗೈಯ ದಡ್ಡು ಮೆತ್ತಗಾಗತೊಡಗಿದಾಗ ನಿಜವಾಗಿ ಹೆದರಿಕೆಯಾಯಿತು. ಮಗಳ ಹತ್ತಿರ ಜಗಳವಾಡಿಕೊಂಡೇ ಬಸ್ಸು ಹತ್ತಿ ಮಾರಿಕಣಿವೆಗೆ ಬಂದೆ.

ಬಂದ ಮರುದಿನವೇ ಮೈದುನ ಬಾಗಿಲಲ್ಲಿ ನಿಂತ. ಕೆಟ್ಟವನಲ್ಲ, ಅಣ್ಣ ಸತ್ತಾಗ ನನಗಿಂತ ಹೆಚ್ಚು ಅತ್ತವನು. "ಅತ್ತಿಗೆ, ಒಬ್ರೇ ಹೆಂಗ್ ಮಾಡ್ತೀರಿ? ಗುಡ್ಡದ ಮಗ್ಗುಲಿನ ಬಲೆ ಜಾಗ ನಮಗೆ ಬಿಡ್ರಿ. ನೀವು ದಡದಾಗೆ ಕುಂತ್ಕಂಡು ಮೀನು ಆರಿಸ್ರಿ ಸಾಕು. ಊಟಕ್ಕೆ ಕಡಿಮೆ ಮಾಡಲ್ಲ" ಎಂದ.

ನೀರಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಲೆ ಜಾಗ ಇರುತ್ತದೆ. ಕಾಗದ ಪತ್ರ ಏನಿಲ್ಲ, ಬಿಡುವವರು ಬಿಡುತ್ತಾ ಇದ್ದರೆ ಅವರದು, ಬಿಡದಿದ್ದರೆ ಬೇರೆಯವರದು. ಮುಳುಗಿದ ಗುಡ್ಡದ ಮಗ್ಗುಲಿನ ಆ ಜಾಗ ನಾವಿಬ್ಬರು ಹುಡುಕಿಕೊಂಡದ್ದು. ನನಗೆ ಮೈಯೆಲ್ಲ ಉರಿಯಿತು.

"ದಡದಾಗೆ ಕುಂತ್ಕಳಕ್ಕೆ ನಾನೇನು ಕೊಕ್ಕರೇನಾ?" ಎಂದೆ. "ಆಷಾಢದ ಗಾಳಿ ಬರ್ಲಿ. ಆ ಗಾಳ್ಯಾಗೆ ನಾನೊಬ್ಬಳೇ ಬಲೆ ಎತ್ತಿ ತರ್ತೀನಿ. ತರಲಿಲ್ಲ ಅಂದ್ರೆ ಜಾಗ ನಿನ್ನದು, ಹೋಗು."

ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ಅವನು ಹೋದ ಮೇಲೆ ದಡಕ್ಕೆ ಹೋಗಿ ದೋಣಿ ನೋಡಿದೆ. ಜೋಡಿಗೆಂದು ಮಾಡಿದ ದೋಣಿ ಅದು. ಒಂದೇ ಹುಟ್ಟು, ಅದನ್ನು ಬಿಟ್ಟರೆ ದೋಣಿ ತನ್ನಿಷ್ಟಕ್ಕೆ ಹೋಗುತ್ತದೆ. ಹಿಡಿದುಕೊಂಡರೆ ಬಲೆಗೆ ಕೈಯಿಲ್ಲ.

ಒಂದು ವಾರ ಯೋಚಿಸಿ ಹಿರಿಯೂರಿಗೆ ಹೋದೆ. ಹೊಸದುರ್ಗದ ರಸ್ತೆಯಲ್ಲಿ ಒಂದು ವೆಲ್ಡಿಂಗ್ ಶಾಪ್ ಇದೆ. ಅದರ ಮಾಲೀಕ ಹೋಟೆಲುಗಳ ಒಲೆ ಕಟ್ಟೆ, ಗೇಟು, ಹಾಲಿನ ಡೈರಿಯ ಸಾಮಾನು ಮಾಡುವವನು. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಮಾತಿನಲ್ಲಿ ನನಗಿಂತ ಜೋರು. ದೋಣಿಗೆ ಏನೇನು ಬೇಕೆಂದು ಸೀಮೆಸುಣ್ಣದಲ್ಲಿ ಅವನ ಶಾಪಿನ ನೆಲದ ಮೇಲೆ ಬರೆದು ತೋರಿಸಿದೆ. ಎರಡು ಹುಟ್ಟು ಕೂರಿಸಲು ಎರಡು ಮಗ್ಗುಲಿಗೂ ತೂತಿನ ಕವೆ, ಕೈ ಬಿಟ್ಟರೂ ಹುಟ್ಟು ನೀರಿಗೆ ಬೀಳಬಾರದು. ನಾನು ಕೂರುವ ಕಡೆ ಅಂಚಿಗೊಂದು ಉರುಳೆ, ಒಂದು ಕೈಯಲ್ಲಿ ಎಳೆದರೆ ಬಲೆ ಅದರ ಮೇಲೆ ಹಾದು ಒಳಗೆ ಬರಬೇಕು. ಮುಂದಿನ ಮರದ ಹಲಗೆ ಕೊಳೆತಿತ್ತು, ಅದರ ಜಾಗಕ್ಕೆ ಒಂದು ಚೌಕಟ್ಟು.

"ಸ್ಟೀಲಿನಾಗೆ ಮಾಡ್ಕೊಡ್ತೀನಿ ಅಕ್ಕಾ. ತುಕ್ಕಿಲ್ಲ, ಸವೆಯಲ್ಲ. ಮೊಮ್ಮಕ್ಕಳು ದೋಣಿ ನಡೆಸ್ಬೋದು."

"ಮೊಮ್ಮಕ್ಕಳು ಹೊಳಲ್ಕೆರೆಯಾಗೆ ಮೊಬೈಲ್ ನೋಡ್ತಾ ಅವೆ. ಎತ್ತೋಳು ನಾನು. ತೂಕ ಹೇಳಪ್ಪ."

ಅವನು ಒಂದು ಕೈಗೆ ಸ್ಟೀಲ್ ಪಟ್ಟಿ, ಇನ್ನೊಂದು ಕೈಗೆ ಅಷ್ಟೇ ಉದ್ದದ, ಅಷ್ಟೇ ದಪ್ಪದ ಅಲ್ಯೂಮಿನಿಯಂ ಪಟ್ಟಿ ಕೊಟ್ಟ. ಸ್ಟೀಲಿನ ಕೈ ತಾನಾಗಿ ಇಳಿಯಿತು. ಇನ್ನೊಂದು ಕೈಯಲ್ಲಿ ಏನೋ ಇದೆ ಎಂದೇ ಅನಿಸಲಿಲ್ಲ. ಗಂಡ ಇದ್ದಾಗ ಇಬ್ಬರೂ ಒಂದೊಂದು ಕಡೆ ಹಿಡಿದು ದೋಣಿಯನ್ನು ದಡಕ್ಕೆ ಎಳೆಯುತ್ತಿದ್ದೆವು. ಇನ್ನು ಎರಡು ಕಡೆಯೂ ನಾನೇ.

"ಇದೇ ಇರ್ಲಿ" ಎಂದು ಅಲ್ಯೂಮಿನಿಯಂ ಮೇಲೆತ್ತಿ ತೋರಿಸಿದೆ.

"ಅಯ್ಯೋ ಅಕ್ಕಾ, ಇದು ಸಿಲ್ವರ್ ಪಾತ್ರೆ ಮಾಡೋ ಮಾಲು. ಮೆತ್ತಗೆ. ಕವೆ ತೂತು ಅಗಲ ಆಗ್ತದೆ, ಆಮೇಲೆ ನನ್ನ ಬೈಬ್ಯಾಡ್ರಿ."

ಸಿಲ್ವರ್ ಪಾತ್ರೆಯ ಗುಣ ನನಗೆ ಗೊತ್ತಿಲ್ಲವೇ? ನಮ್ಮ ಮನೆಯ ಅನ್ನದ ಪಾತ್ರೆ ಬಿದ್ದು ಬಿದ್ದು ಮೈಯೆಲ್ಲ ಗುಂಡಿ. ಮದುವೆಯಲ್ಲಿ ಬಂದ ಸ್ಟೀಲ್ ಬಿಂದಿಗೆ ಇವತ್ತಿಗೂ ಹೊಸದರಂತಿದೆ, ಆದರೆ ತುಂಬಿದರೆ ಸೊಂಟ ಮುರಿಯುತ್ತದೆ. ಗುಂಡಿ ಬೀಳಲಿ, ಸವೆಯಲಿ, ನನ್ನ ಕೈಗೆ ಎದ್ದರೆ ಸಾಕು ಎಂದುಕೊಂಡೆ. ಎಲ್ಲವನ್ನೂ ಅಲ್ಯೂಮಿನಿಯಂನಲ್ಲೇ ಮಾಡಿಸಿದೆ. ದೋಣಿಗೆ ಕೂರಿಸಿ, ದಡದಲ್ಲಿ ಒಬ್ಬಳೇ ಎಳೆದು ನೋಡಿದೆ. ಬಂತು! ನಾನೊಬ್ಬಳೇ ನಗುತ್ತಾ ನಿಂತಿದ್ದೆ, ಪಕ್ಕದಲ್ಲಿ ನೋಡುವವರು ಯಾರೂ ಇರಲಿಲ್ಲ.

ಆ ಸಂಜೆ ಗಾಳಿ ಇರಲಿಲ್ಲ, ಬಲೆ ಬಿಟ್ಟು ಬಂದೆ. ಬೆಳಿಗ್ಗೆ ಎತ್ತಲು ಹೋದೆ. ಮುಂದಿನ ಚೌಕಟ್ಟು ಖಾಲಿ ಇತ್ತಲ್ಲ, ದೋಣಿಯ ಮೂತಿ ಮೇಲಕ್ಕೆದ್ದು ನಿಂತಿತು. ಬಲೆಯ ಮೇಲೆ ತೇಲುವ ಬುಡ್ಡಿಗಳು ಕಾಣುವ ಹೊತ್ತಿಗೆ ದಡದಾಚೆಯ ಗುಡ್ಡಗಳ ಕಡೆಯಿಂದ ಗಾಳಿ ಬೀಸಲು ಶುರುವಾಯಿತು. ಹೇಗೋ ತಿದ್ದಿಕೊಂಡು ಬಲೆಯ ಹತ್ತಿರ ದೋಣಿ ತಂದೆ. ತಂದು, ಹುಟ್ಟು ಒತ್ತಿ ಹಿಡಿದು ನಿಲ್ಲಿಸಿದೆ.

ನಿಲ್ಲಿಸಿ ಸುಮ್ಮನೆ ಕೂತಿದ್ದೆ.

ಬಲೆ ಎತ್ತಲೆಂದು ಕಾಯುತ್ತಿದ್ದೆ. ಯಾರು ಎತ್ತಬೇಕಿತ್ತು? ಇಷ್ಟು ವರ್ಷ ನನ್ನ ಕೆಲಸ ದೋಣಿ ನಿಲ್ಲಿಸುವುದು, ಅಲ್ಲಿಂದಾಚೆ ಅವರ ಕೆಲಸ. ನನ್ನ ಮಗ್ಗುಲಲ್ಲೇ ಹೊಸ ಉರುಳೆ ಇತ್ತು, ಕೈಗೆಟುಕುವಷ್ಟು ಹತ್ತಿರ ಬಲೆಯ ಹಗ್ಗ ಇತ್ತು, ನಾನು ಖಾಲಿ ಚೌಕಟ್ಟನ್ನು ನೋಡುತ್ತಾ ಕಾದೆ. ಅಷ್ಟರಲ್ಲಿ ಎದ್ದು ನಿಂತ ಮೂತಿಗೆ ಗಾಳಿ ಹೊಡೆದು ದೋಣಿಯನ್ನು ಗರಗರ ತಿರುಗಿಸಿತು. ಬಲೆ ಹುಟ್ಟಿಗೆ ಸುತ್ತಿಕೊಂಡಿತು. ಬಾಯಿಗೆ ಬಂದಂತೆ ಬೈದೆ, ಗಾಳಿಯನ್ನು, ದೋಣಿಯನ್ನು, ಸತ್ತವರನ್ನು. ಆಮೇಲೆ ಜೋರಾಗಿ ಅತ್ತೆ. ನೀರಿನ ನಡುವೆ ಅಳುವುದರಲ್ಲಿ ಒಂದು ಅನುಕೂಲ, ಯಾರೂ ಸಮಾಧಾನ ಮಾಡಲು ಬರುವುದಿಲ್ಲ. ಅವತ್ತು ಯಾರಾದರೂ ಬಂದಿದ್ದರೆ ಚೆನ್ನಾಗಿತ್ತು ಅನಿಸಿತು.

ಬಂದದ್ದು ಮೈದುನ. ಹೆಂಡತಿಯ ಜೊತೆ ಅವನ ದೋಣಿಯಲ್ಲಿ ಬಂದು ಬಲೆ ಬಿಡಿಸಿ, ನನ್ನ ದೋಣಿಗೆ ಹಗ್ಗ ಕಟ್ಟಿ ಎಳೆದುಕೊಂಡು ಹೋದ. ಅವನು ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು.

ಮುಂದೆ ತೂಕ ಬೇಕು, ಅಷ್ಟೇ ತಾನೇ ಎಂದು ಕಲ್ಲು ಇಟ್ಟು ನೋಡಿದೆ. ಕಲ್ಲು ಉರುಳಾಡುವ ದಡದಡ ಸದ್ದಿಗೆ ಮೀನೆಲ್ಲ ಓಡಿಹೋದವು. ಮರಳಿನ ಚೀಲ ಇಟ್ಟೆ. ಅದು ನೆನೆದು, ಹರಿದು, ಮರಳೆಲ್ಲ ಬಲೆಗೆ ಮೆತ್ತಿತು. ಆಷಾಢ ಹತ್ತಿರ ಬರುತ್ತಿತ್ತು. ಮತ್ತೆ ಹಿರಿಯೂರಿನ ಬಸ್ಸು ಹತ್ತಿದೆ.

"ಸ್ಟೀಲ್ ಅಂದಿದ್ದೆ ತಾನೇ?" ಎಂದ ಶಾಪಿನವನು. ಮುಖದ ತುಂಬ ನಗು.

"ಅಂದಿದ್ದೆ ಕಣಪ್ಪ, ದೊಡ್ಡ ಮನುಷ್ಯ. ಎಲ್ಲದಕ್ಕೂ ಬೇಡ. ಮುಂದಿನ ಚೌಕಟ್ಟಿನಾಗೆ ಕೂರಂಗೆ ಸ್ಟೀಲಿನ ಹಲಗೆ ಬೇಕು. ಒಂದೇ ತುಂಡು ಬ್ಯಾಡ, ನಾನು ಒಂದೊಂದೇ ಎತ್ತಿ ಇಡೋ ಹಂಗಿರ್ಬೇಕು. ಅಲುಗಾಡಬಾರದು."

"ಎರಡು ಲೋಹ ನೀರಿನಾಗೆ ಒಂದಕ್ಕೊಂದು ತಾಗಿದ್ರೆ ಅಲ್ಯೂಮಿನಿಯಂ ತಿಂದು ಹೋಗ್ತದೆ. ನಡುವೆ ರಬ್ಬರ್ ಹಾಕ್ತೀನಿ" ಎಂದವನು ತಲೆ ಕೆರೆದುಕೊಂಡ. "ಎಷ್ಟು ತೂಕ ಬೇಕು?"

"ನಮ್ಮನೆಯವರಷ್ಟು."

ಅವನ ನಗು ನಿಂತಿತು. "ಎಷ್ಟಿದ್ರು?" ಎಂದು ಮೆಲ್ಲಗೆ ಕೇಳಿದ.

ನನಗೆ ಗೊತ್ತಿರಲಿಲ್ಲ. ಮೀನು ತೂಗಿದ್ದೇವೆ, ಮಗಳು ಹುಟ್ಟಿದಾಗ ಅವಳನ್ನು ತೂಗಿಸಿದ್ದೇವೆ. ಅವರನ್ನು ಯಾರು ತೂಗಿದ್ದರು? ಆಸ್ಪತ್ರೆಯಲ್ಲಿ ತೂಗಿರಬಹುದು, ಆಗ ನನ್ನ ತಲೆಯಲ್ಲಿ ಅದೆಲ್ಲಿ ನಿಲ್ಲಬೇಕು? ಅಂಗಡಿಯ ಬೆಂಚಿನ ಮೇಲೆ ಕೂತು ಯೋಚಿಸಿದೆ. ಅಷ್ಟು ವರ್ಷ ಜೊತೆಗಿದ್ದ ಮನುಷ್ಯನ ತೂಕ ಗೊತ್ತಿಲ್ಲ. ಆಮೇಲೆ ಹೊಳೆಯಿತು, ಗೊತ್ತಿದೆ. ದಿನವೂ ಅವರನ್ನು ಕೂರಿಸಿಕೊಂಡು ಹುಟ್ಟು ಹಾಕಿದವಳು ನಾನು. ನನ್ನ ರಟ್ಟೆಗೆ ಗೊತ್ತಿದೆ.

"ಭಾನುವಾರ ತುಂಡುಗಳನ್ನ ಹೇರ್ಕಂಡು ಕಣಿವೆಗೆ ಬಾ" ಎಂದೆ.

ಅವನು ಲಗೇಜ್ ಆಟೋದಲ್ಲಿ ಸ್ಟೀಲ್ ತುಂಡುಗಳನ್ನು ತಂದ. ನಾನು ಹಿಂದಿನ ಹಲಗೆಯ ಮೇಲೆ ಕೂತೆ. ಅವನು ಪ್ಯಾಂಟು ಮಡಚಿ ಮೊಣಕಾಲುದ್ದ ನೀರಿನಲ್ಲಿ ದೋಣಿಯ ಜೊತೆ ನಡೆಯುತ್ತಾ ಮುಂದಿನ ಚೌಕಟ್ಟಿನಲ್ಲಿ ಒಂದು ತುಂಡು ಇಟ್ಟ. ಒಂದು ಸಲ ಹುಟ್ಟು ಹಾಕಿ ನೋಡಿದೆ. "ಇನ್ನೂ" ಎಂದೆ. ಮತ್ತೊಂದು ಇಟ್ಟ. ಮೂತಿ ತಗ್ಗುತ್ತಾ ಬಂತು. ಅದನ್ನು ನೋಡಿದರೆ ಕೈ ಮೋಸ ಹೋಗಬಹುದೆಂದು ಕಣ್ಣು ಮುಚ್ಚಿಕೊಂಡೆ. "ಇನ್ನೂ." ನೀರು ಭಾರವಾಗುತ್ತಾ ಹೋಯಿತು. ಭುಜದ ಹಿಂದೆ, ಇಷ್ಟು ದಿನ ಸುಮ್ಮನಿದ್ದ ಒಂದು ನರ ಎಳೆಯಿತು.

"ಸಾಕಾ ಅಕ್ಕಾ?"

ಕಣ್ಣು ಮುಚ್ಚಿಕೊಂಡೇ ಹುಟ್ಟು ಹಾಕುತ್ತಿದ್ದೆ. ಮುಂದೆ ಅವರು ಕೂತಿದ್ದರು. ನಾನು ಕಣ್ಣು ತೆರೆಯುವವರೆಗೆ ಕೂತೇ ಇದ್ದರು.

ಅವನಿಗೆ ಗಾಬರಿಯಾಗಿರಬೇಕು, ಇನ್ನೊಂದು ತುಂಡು ಇಟ್ಟುಬಿಟ್ಟ.

"ಅದನ್ನ ತೆಗಿಯಪ್ಪ" ಎಂದೆ ಕಣ್ಣೊರೆಸಿಕೊಂಡು. "ಅದು ಹಬ್ಬದ ಊಟ ಆದ್ಮೇಲಿನ ತೂಕ."

ಶಾಪಿನವನು ನಗಬೇಕೋ ಬಿಡಬೇಕೋ ತಿಳಿಯದೆ ನೀರಿನಲ್ಲಿ ನಿಂತಿದ್ದ. ಆಮೇಲೆ ಅವನೂ ಕಣ್ಣೊರೆಸಿಕೊಂಡ, ಬೆವರು ಎಂದ. ಮುಂದಿನ ವಾರ ಆ ಅಳತೆಗೆ ತುಂಡುಗಳ ಅಂಚು ತೀಡಿ, ಹಿಡಿ ಹಾಕಿ, ರಬ್ಬರ್ ಕೂರಿಸಿ ಕೊಟ್ಟ.

ದಡದಲ್ಲಿ ಬಿಟ್ಟರೆ ಸ್ಟೀಲನ್ನು ಗುಜರಿಗೆ ಹೊತ್ತುಕೊಂಡು ಹೋಗುತ್ತಾರೆ. ಹಾಗಾಗಿ ದಿನವೂ ಸಂಜೆ ಅವನ್ನು ಮನೆಗೆ ತರುತ್ತಿದ್ದೆ, ಬೆಳಿಗ್ಗೆ ಒಂದೊಂದೇ ಹೊತ್ತು ದೋಣಿಗೆ ಒಯ್ಯುತ್ತಿದ್ದೆ. ಓಡಾಡಿ ಓಡಾಡಿ ಸಾಕಾಗುತ್ತಿತ್ತು. "ಇದ್ದಾಗ ನೀವೇ ನಡ್ಕಂಡು ಬರ್ತಿದ್ರಿ" ಎಂದು ಗೊಣಗುತ್ತಿದ್ದೆ. ಮನೆಯಲ್ಲಿ ಅವನ್ನು ಗೋಡೆಗೆ ಒರಗಿಸಿಡುತ್ತಿದ್ದೆ. ಒಬ್ಬಳೇ ಉಣ್ಣುವಾಗ ಕಣ್ಣು ಅತ್ತ ಹೋಗುತ್ತಿತ್ತು. ಸ್ಟೀಲ್ ಸ್ಟೀಲೇ, ಅದಕ್ಕೆ ಬೆನ್ನೂ ಇಲ್ಲ, ಹೂಂ ಎನ್ನುವುದೂ ಇಲ್ಲ. ಅದು ಗೊತ್ತಿದ್ದೂ ನೋಡುತ್ತಿದ್ದೆ.

ಆಷಾಢದ ಗಾಳಿ ಶುರುವಾಯಿತು. ನೀರಿನ ಮೇಲೆ ಬಿಳಿ ನೊರೆ. ಓಣಿಯ ಅರ್ಧ ದೋಣಿಗಳು ದಡದಲ್ಲೇ ಇದ್ದವು. ಹಿಂದಿನ ದಿನ ಬಿಟ್ಟ ಬಲೆ ಎತ್ತಲು ನಾನು ಹೊರಟಾಗ ಮೈದುನ ಓಡಿ ಬಂದ. "ಅತ್ತಿಗೆ, ಹಟ ಬ್ಯಾಡ್ರಿ. ಜಾಗ ನನಗೆ ಬ್ಯಾಡ, ನೀವೇ ಇಟ್ಕಳ್ರಿ, ಹೋಗ್ಬ್ಯಾಡ್ರಿ" ಎಂದು ಕೂಗಿದ. ಆ ಜಾಗ ಅವನು ಬಿಟ್ಟುಕೊಟ್ಟು ನನ್ನದಾಗುವುದು ನನಗೆ ಬೇಕಿರಲಿಲ್ಲ. ಹುಟ್ಟು ಹಾಕಿದೆ.

ಗಾಳಿ ಹೊಡೆಯಿತು. ಮೂತಿ ಏಳಲಿಲ್ಲ. ಗುಡ್ಡದ ಮಗ್ಗುಲಿಗೆ ಬಂದು ದೋಣಿ ನಿಲ್ಲಿಸಿದೆ, ಅದು ಹಿಂದಿನಂತೆಯೇ ನಿಂತಿತು. ಅಭ್ಯಾಸ ಬಿಡಲಿಲ್ಲ, ಒಂದು ಗಳಿಗೆ ಕಾದೆ. ಆಮೇಲೆ "ಆಯ್ತು, ನಾನೇ ಎತ್ತೀನಿ, ಕುಂತಿರ್ರಿ" ಎಂದು ಬಲೆಯ ಹಗ್ಗ ಹಿಡಿದೆ. ಉರುಳೆ ತಿರುಗಿತು. ಕಾಟ್ಲಾ, ಜಿಲೇಬಿ ಮೀನು, ನಡುವೆ ಕಸ, ಎಲ್ಲ ಕಾಲಬುಡಕ್ಕೆ ಬಂದು ಬಿದ್ದವು. ಎಡಗಡೆಯ ಕವೆಯ ತೂತು ಅಗಲವಾಗಿ ಹುಟ್ಟು ಕಟಕಟ ಎನ್ನುತ್ತಿತ್ತು. ಶಾಪಿನವನ ಮಾತು ನಿಜವಾಗಿತ್ತು, ಅವನಿಗೆ ಹೇಳಬಾರದು ಎಂದುಕೊಂಡೆ.

ದಡಕ್ಕೆ ಬಂದಾಗ ಮೈದುನ ಸೊಂಟದವರೆಗೆ ನೀರಿನಲ್ಲಿ ನಿಂತು ಕಾಯುತ್ತಿದ್ದ. ದೋಣಿಯ ಅಂಚು ಹಿಡಿದ. ಬಲೆಯನ್ನು ನೋಡಿದ, ನನ್ನನ್ನು ನೋಡಿದ. ಭಾರ ಇಳಿಸಿ ದೋಣಿ ಎಳೆಯೋಣ ಎಂದು ಮುಂದಿನ ಚೌಕಟ್ಟಿನಿಂದ ಒಂದು ಸ್ಟೀಲ್ ಹಲಗೆ ಎತ್ತಿ, ದಡದ ಕಲ್ಲುಗಳ ಕಡೆ ಎಸೆಯಲು ಕೈ ಬೀಸಿದ.

"ಲೇ, ಎಸೀಬ್ಯಾಡ!" ಎಂದು ಕಿರುಚಿದೆ.

"ಇದೇನ್ರಿ ಅತ್ತಿಗೆ ಇದು?"

"ನಿಮ್ಮಣ್ಣ ಕಣೋ. ಮೆಲ್ಲಕೆ ಇಳಿಸು."

ಅವನು ಆ ಹಲಗೆಯನ್ನು ಎದೆಗೊತ್ತಿಕೊಂಡು ದಡ ಹತ್ತಿದ. ಹುಲ್ಲಿರುವ ಜಾಗ ನೋಡಿ ಕೆಳಗಿಟ್ಟ. ಉಳಿದವನ್ನೂ ಒಂದೊಂದಾಗಿ ಹಾಗೆಯೇ ಇಳಿಸಿದ, ನನ್ನ ಕೈಗೆ ಒಂದನ್ನೂ ಕೊಡಲಿಲ್ಲ.