ದೋಸೆ ಭಟ್ಟರು ಪೇಪರ್ ಬಿಟ್ಟ ದಿನ

ಅವರ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಒಂದೇ ಒಂದು ಕೂದಲಿರಲಿಲ್ಲ. ಮೂವತ್ತು ವರ್ಷ ಕಾವಲಿಯ ಮುಂದೆ ಬೆಂದ ಕೈ. ಅದನ್ನು ಸಾಬೂನು ಹಚ್ಚಿ ಮೂರು ಸಲ ತೊಳೆದ ಮೇಲೆಯೇ ನಮ್ಮ ದೋಸೆ ಭಟ್ಟರು ಪೇಪರ್ ಮುಟ್ಟುತ್ತಿದ್ದುದು.

ಮಾಟುಂಗದಲ್ಲಿ ಅವರು ದೋಸೆ ಹುಯ್ಯುತ್ತಿದ್ದ ಹೋಟೆಲಿನಲ್ಲಿ ಊಟದ ಗಲಾಟೆ ಮುಗಿದರೆ ಸಂಜೆಯ ಕಾಫಿಯವರೆಗೆ ಒಂದು ಗಂಟೆ ಬಿಡುವು. ಊರಿನಿಂದ ಬಸ್ಸಿನಲ್ಲಿ ಎರಡು ದಿನ ತಡವಾಗಿ ಬರುವ ಕನ್ನಡ ಪೇಪರನ್ನು ಅವರು ಗಟ್ಟಿಯಾಗಿ ಓದುವರು. ಅಡುಗೆಯವರು, ಸಪ್ಲೈಯರುಗಳು, ಪಕ್ಕದ ಬಿಲ್ಡಿಂಗಿನ ಟೈಪಿಂಗ್ ಮಾಸ್ತರನಾದ ನಾನು, ಎಲ್ಲರೂ ಕೇಳುವೆವು. ಭಟ್ಟರು ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ. ಆ ಓದೇ ಅವರ ಠೀವಿ.

ಅರವತ್ತೆಂಟನೇ ಇಸವಿಯಲ್ಲಿ ಒಂದು ದಿನ, ಅಣುಬಾಂಬು ಹರಡದಂತೆ ತಡೆಯುವ ಒಪ್ಪಂದಕ್ಕೆ ನಮ್ಮ ಸರ್ಕಾರ ಸಹಿ ಹಾಕುವುದಿಲ್ಲವೆಂಬ ಸುದ್ದಿ ಓದಿದರು.

"ಹಾಗಾದ್ರೆ ನಾವೂ ಬಾಂಬ್ ಮಾಡ್ತೇವೆ ಅಂತಾಯ್ತು," ಎಂದೆ ನಾನು.

"ಎಂಥ ಮಾತು ಮಾರಾಯ್ರೇ! ಇದ್ದವರು ಇಟ್ಟುಕೊಳ್ಳಬಹುದಂತೆ, ಇಲ್ಲದವರು ಮಾತ್ರ ಮಾಡೋದಿಲ್ಲ ಅಂತ ಬರೆದುಕೊಡಬೇಕಂತೆ. ಅದಕ್ಕೆ ಸಹಿ ಇಲ್ಲ, ಅಷ್ಟೆ. ನಮ್ಮವರು ಸಿಡಿಸಿದ ದಿನ ನಾನು ಪೇಪರ್ ಓದೋದು ಬಿಡ್ತೇನೆ."

"ನಮಗೆ ಮಧ್ಯಾಹ್ನದ ನಿದ್ದೆಯಾದ್ರೂ ಸಿಕ್ಕೀತು," ಎಂದ ಒಬ್ಬ ಸಪ್ಲೈಯರ್. ನಕ್ಕೆವು.

ಆರು ವರ್ಷದ ಮೇಲೆ ರಾಜಸ್ಥಾನದ ಮರಳಿನಡಿ ಅದು ಸಿಡಿಯಿತು. ರೇಡಿಯೋ ಹೇಳಿತು, ಇಂಗ್ಲಿಷ್ ಪೇಪರ್ ಹೇಳಿತು. ರಸ್ತೆಯಲ್ಲಿ ಯಾರೋ ಪೇಡೆ ಹಂಚುತ್ತಿದ್ದರು. ನನಗೆ ಭಟ್ಟರ ಮಾತು ನೆನಪಾಯಿತು. ಭಟ್ಟರು ಮಾತ್ರ ದೋಸೆ ಮಗುಚುತ್ತ, "ನಮ್ಮ ಪೇಪರ್ ಬರ್ಲಿ," ಎಂದರು. ಎರಡು ದಿನ ಅದೊಂದೇ ಮಾತು.

ಪೇಪರ್ ಬಂತು. ಕೈ ತೊಳೆದರು. ತಲೆಬರಹ ಓದಿದರು. ಮುಂದಿನ ಸಾಲಿಗೆ ತೆರೆದ ಬಾಯಿ ಹಾಗೇ ನಿಂತಿತು.

"ಇದು ಬಾಂಬ್ ಅಲ್ವಂತೆ ಭಟ್ರೇ, ಶಾಂತಿಗಾಗಿ ಸಿಡಿಸಿದ್ದಂತೆ. ಸರ್ಕಾರವೇ ಹೇಳಿದೆ," ಎಂದೆ, ಹೇಗಾದರೂ ಅವರು ಮುಂದೆ ಓದಲೆಂದು.

"ಶಾಂತಿಗೆ ಇಷ್ಟು ದೊಡ್ಡ ಸದ್ದು ಬೇಕಾ ಮಾಸ್ತರೇ?" ಪೇಪರ್ ಮಡಚಿ ನನ್ನ ಮಡಿಲಲ್ಲಿಟ್ಟರು. "ಇನ್ನು ನೀವು ಓದಿ."

"ಅಯ್ಯೋ, ಅವತ್ತು ತಮಾಷೆಗೆ ಅಂದದ್ದಲ್ವಾ!" ಎಂದ ಅದೇ ಸಪ್ಲೈಯರ್.

"ತಮಾಷೆ ಮಾಡಿದ್ದು ನೀನು. ನಾನಲ್ಲ."

ಅವರು ಮತ್ತೆಂದೂ ಪೇಪರ್ ಮುಟ್ಟಲಿಲ್ಲ. ಮೂರು ವರ್ಷದ ನಂತರ ಸಯನ್ನಿನ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಓದುತ್ತಿದ್ದವನು ನಾನೇ. ಬಾಂಬು, ಒಪ್ಪಂದದ ಸುದ್ದಿ ಬಂದರೆ ಮೆಲ್ಲಗೆ ಹಾರಿಸುತ್ತಿದ್ದೆ. ಕೊನೆಯ ವಾರ ಸಿಕ್ಕಿಬಿದ್ದೆ.

"ಪೂರ್ತಿ ಓದಿ ಮಾಸ್ತರೇ," ಎಂದರು ಕಣ್ಣು ಮುಚ್ಚಿಯೇ. "ಕೇಳೋದು ಬಿಡ್ತೇನೆ ಅಂತ ನಾನು ಹೇಳಿರಲಿಲ್ಲ."

ಈಗಲೂ ಪೇಪರ್ ಬಿಡಿಸುವ ಮೊದಲು ನಾನು ಕೈ ತೊಳೆಯುತ್ತೇನೆ. ಒಂದು ಸಾಲನ್ನೂ ಹಾರಿಸುವುದಿಲ್ಲ.